ಬನಾವೆಯ ಬೆಟ್ಟಗದ್ದೆಗಳು

ಫಿಲಿಪೈನ್ಸ್ ದ್ವೀಪಸಮೂಹದ ಲೂಝಾನ್ ದ್ವೀಪದ ಉತ್ತರಭಾಗವನ್ನು ಕಾರ್ಡಿಲೆರಾ ಎಂಬ ಪರ್ವತಶ್ರೇಣಿಯು ಆವರಿಸಿಕೊಂಡಿದೆ. ಈ ಶ್ರೇಣಿಯ ಮಡಿಲಲ್ಲಿ, ಇಫುಗಾವ್ ಪ್ರಾಂತದಲ್ಲಿ, ಬನಾವೆ ಎಂಬ ಸಣ್ಣ ಪೇಟೆಯಿದೆ. ಮನಿಲಾ ನಗರದಲ್ಲಿ ರಾತ್ರಿಯ ಬಸ್ಸು ಹತ್ತಿದವರು ಸುಮಾರು 350 ಕಿಲೋಮೀಟರ್ ದಾರಿ ಕಳೆದು ಬೆಳಗಿನ ಹೊತ್ತಿಗೆ ಇಲ್ಲಿಗೆ ಬಂದು ಸೇರುತ್ತಾರೆ. ಪೇಟೆಯಲ್ಲಿ ನೋಡತಕ್ಕದ್ದು ಹೆಚ್ಚೇನೂ ಇಲ್ಲ. ತಗಡು ಹೊದಿಸಿದ ಮನೆಗಳು, ಅಂಗಡಿಗಳು, ವಸತಿಗೃಹಗಳು, ಅಷ್ಟೆ. ಆದರೆ ತಲೆಯೆತ್ತಿ ನೋಡಿದರೆ, ಕಣಿವೆಯ ತಳದಿಂದ ಮೇಲಣ ಕಾಡಿನ ಅಂಚಿನವರೆಗೆ ಬತ್ತದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಏರಿಹೋಗಿರುವುದು ಕಾಣುತ್ತದೆ. ಕೆಲವು ಗದ್ದೆಗಳು ಎಷ್ಟು ಕಿರಿದೆಂದರೆ ಅಲ್ಲಿ ಒಂದು ಜೊತೆ ಎತ್ತು ತಿರುಗಲಾರವು. ಗುದ್ದಲಿಯ ಕೆಲಸವೆಲ್ಲ ಮನುಷ್ಯರದೇ.

ಇದನ್ನು ಕಂಡ ವಿದ್ಯಾರ್ಥಿಗೆ ಏಳುವ ಮೊದಲ ಪ್ರಶ್ನೆ, ಇಷ್ಟು ಎತ್ತರಕ್ಕೆ ನೀರು ಹತ್ತಿದ್ದು ಹೇಗೆ ಎಂಬುದು. ನೀರು ಹತ್ತಲಿಲ್ಲ, ಇಳಿಯಿತು. ಗದ್ದೆಗಳ ಮೇಲ್ಗಡೆ ಉಳಿಸಿಕೊಂಡಿರುವ ಕಾಡಿನ ತುಂಡುಗಳಿಗೆ ಇಫುಗಾವ್ ಜನರು ಮುಯೊಂಗ್ ಎನ್ನುತ್ತಾರೆ. ಇವು ಸರ್ಕಾರದ ಕಾಡುಗಳಂತಲ್ಲ. ಒಂದೊಂದು ಮನೆತನಕ್ಕೆ ಸೇರಿದವು. ಗದ್ದೆಯಂತೆಯೇ ಇವೂ ಪಿತ್ರಾರ್ಜಿತವಾಗಿ ಬರತಕ್ಕವು, ಸಾಮಾನ್ಯವಾಗಿ ಹಿರಿಯ ಮಗುವಿಗೆ, ಅದು ಗಂಡಾಗಲಿ ಹೆಣ್ಣಾಗಲಿ. ಮಳೆಯ ನೀರು ಎಲೆಗಳ ಮೇಲೆ ಬಿದ್ದು, ಕೊಳೆತ ಸೊಪ್ಪಿನ ಪದರದಲ್ಲಿ ಇಂಗಿ, ಬೇರುಗಳ ಬಳಿಯಲ್ಲಿ ಇಳಿದು, ತಿಂಗಳುಗಟ್ಟಲೆ ಒರತೆಯಾಗಿ ಹೊರಬರುತ್ತದೆ. ಈ ಒರತೆಯನ್ನು ಕಾಲುವೆಯಲ್ಲಿ ಹಿಡಿದು ಅತಿ ಮೇಲಿನ ಗದ್ದೆಗೆ ಬಿಡುತ್ತಾರೆ. ಅದು ತುಂಬಿದ ಮೇಲೆ ಹೆಚ್ಚಾದ ನೀರು ಕೆಳಗಿನದಕ್ಕೆ, ಅಲ್ಲಿಂದ ಮತ್ತೂ ಕೆಳಗಿನದಕ್ಕೆ ಇಳಿಯುತ್ತದೆ. ಮೇಲಿನವನ ಕಾಡು ಬೋಳಾದರೆ ಕೆಳಗಿನವನ ಗದ್ದೆ ಒಣಗುವುದು.

ಇನ್ನು ಗೋಡೆಗಳ ವಿಚಾರ. ಬನಾವೆಯಿಂದ ಮುಂದೆ ಬಾತಾದ್ ಎಂಬ ಹಳ್ಳಿಗೆ ಕಡೆಯ ದೂರವನ್ನು ನಡೆದೇ ಇಳಿಯಬೇಕು. ಅಲ್ಲಿ ಗದ್ದೆಗಳು ಒಂದು ಬಟ್ಟಲಿನ ಒಳಮೈಯಂತೆ ಅರ್ಧವೃತ್ತವಾಗಿ ಏರಿವೆ. ಅವನ್ನು ಹಿಡಿದು ನಿಲ್ಲಿಸಿರುವ ಗೋಡೆಗಳು ಕಲ್ಲಿನವು. ಕಲ್ಲುಗಳ ನಡುವೆ ಗಾರೆಯಿಲ್ಲ. ಇದು ಬಡತನದಿಂದಾದ ಕೊರತೆಯೆಂದು ಭಾವಿಸಬಾರದು. ನಿಂತ ನೀರು ಆಳದ ಪ್ರತಿಯೊಂದು ಮೀಟರಿಗೆ ಚದರ ಮೀಟರಿನ ಮೇಲೆ ಒಂದು ಟನ್ನಿನಂತೆ ಒತ್ತುತ್ತದೆಂಬುದು ಭೌತಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಐದು ಮೀಟರ್ ಎತ್ತರದ ಗೋಡೆಯ ಬೆನ್ನಿಗೆ ನೀರು ಕಟ್ಟಿಕೊಂಡರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಐದು ಟನ್ನಿನ ಒತ್ತಡ. ಮಣ್ಣಿನ ಭಾರ ಬೇರೆ. ಗಾರೆಯಿಲ್ಲದ ಗೋಡೆಯ ಸಂದುಗಳಿಂದ ನೀರು ಜಿನುಗಿ ಹೋಗುವುದರಿಂದ ಒತ್ತಡ ಕೂಡಿಕೊಳ್ಳುವುದಿಲ್ಲ.

ಹಾಗಾದರೆ ಗದ್ದೆಯಲ್ಲಿ ನೀರು ನಿಲ್ಲುವುದೆಂತು? ಗದ್ದೆಯ ಅಡಿಯಲ್ಲಿ ಕಲ್ಲು, ಅದರ ಮೇಲೆ ಗರಸು, ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ವರ್ಷವರ್ಷವೂ ತುಳಿದು ಹದಮಾಡಿದ ಜೇಡಿಯ ಕೆಸರು. ತುಳಿತದಿಂದ ಜೇಡಿಯ ನುಣುಪಾದ ಕಣಗಳು ಒತ್ತಾಗಿ ಕೂತು ನೀರಿಗೆ ತಡೆಯಾಗುತ್ತವೆ. ಈ ತಡೆಗೆ ಒಂದೇ ಒಂದು ಕಟ್ಟಳೆಯುಂಟು: ಅದು ಒಣಗಕೂಡದು. ಒಣಗಿದ ಜೇಡಿ ಬಿರಿಯುತ್ತದೆ. ಮುಂದಿನ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಜಿನುಗುವುದಕ್ಕಿಂತ ವೇಗವಾಗಿ ಒಳಗೆ ತುಂಬಿಕೊಳ್ಳುತ್ತದೆ. ಗೋಡೆ ಉಬ್ಬುತ್ತದೆ, ಒಂದು ರಾತ್ರಿ ಕುಸಿಯುತ್ತದೆ, ಕೆಳಗಿನ ನಾಲ್ಕಾರು ಗದ್ದೆಗಳನ್ನೂ ತನ್ನೊಡನೆ ಒಯ್ಯುತ್ತದೆ. ಆದ್ದರಿಂದಲೇ ಇಲ್ಲಿಯವರು ಬೆಳೆಯಿರಲಿ ಇಲ್ಲದಿರಲಿ ಗದ್ದೆಗಳಲ್ಲಿ ನೀರು ನಿಲ್ಲಿಸುವರು. ನೀರಿನಲ್ಲಿ ಬೆಳೆಯುವ ನೀಲಹಸಿರು ಪಾಚಿಯು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವುದು ಇದರಿಂದಾಗುವ ಇನ್ನೊಂದು ಲಾಭ.

ಇಲ್ಲಿನ ಹಳೆಯ ಬತ್ತಕ್ಕೆ ತಿನಾವೊನ್ ಎಂದು ಹೆಸರು. ವರ್ಷಕ್ಕೊಂದು ಬಾರಿ ಬರುವುದು ಎಂದು ಅರ್ಥ. ಬೆಟ್ಟದ ಚಳಿಯನ್ನು ತಾಳಿ ಅದು ನಿಧಾನವಾಗಿ ಬೆಳೆಯುತ್ತದೆ. ನಾಟಿಯನ್ನು ಎಲ್ಲರಿಗಿಂತ ಮೊದಲು ಆರಂಭಿಸತಕ್ಕವನು ತುಮೊನ ಎಂಬ ಮುಖ್ಯಸ್ಥ. ಅವನ ಗದ್ದೆಯಲ್ಲಿ ಸಸಿ ಊರುವವರೆಗೆ ಉಳಿದವರು ಕಾಯುವರು. ಇದು ಬರಿಯ ಆಚಾರವೆಂದು ತಳ್ಳಿಬಿಡುವಂತಿಲ್ಲ. ಒಂದು ಬೆಟ್ಟದ ಗದ್ದೆಗಳೆಲ್ಲ ಒಟ್ಟಿಗೆ ನಾಟಿಯಾಗಿ ಒಟ್ಟಿಗೆ ಕೊಯ್ಲಾದರೆ ನೀರಿನ ಹಂಚಿಕೆ ಸುಲಭ, ಮುಯ್ಯಾಳುಗಳು ದೊರೆಯುವುದು ಸುಲಭ, ಇಲಿ ಹುಳುಗಳಿಗೆ ವರ್ಷವಿಡೀ ಆಹಾರವೂ ಸಿಕ್ಕುವುದಿಲ್ಲ. ಕೊಯ್ಲಿನಲ್ಲಿ ಹೆಂಗಸರು ಹಾಡುವ ಹುಡ್‌ಹುಡ್ ಎಂಬ ಕಥನಗೀತಗಳನ್ನು ಯುನೆಸ್ಕೊ ಸಂಸ್ಥೆಯು 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಹಳ್ಳಿಗಳ ಹಳೆಯ ಮನೆಗಳು ನಾಲ್ಕು ಕಂಬಗಳ ಮೇಲೆ ನಿಂತಿವೆ; ಪ್ರತಿ ಕಂಬಕ್ಕೂ ಮರದ ಅಗಲವಾದ ಬಳೆ ತೊಡಿಸಿರುವುದನ್ನು ಕಾಣಬಹುದು. ಕಂಬ ಹತ್ತಿದ ಇಲಿ ಅದನ್ನು ದಾಟಲಾರದು.

ಈ ಗದ್ದೆಗಳಿಗೆ ಎಷ್ಟು ವಯಸ್ಸು? ಎರಡು ಮೂರು ಸಾವಿರ ವರ್ಷವೆಂದು ಬಹಳ ಕಾಲ ಪಾಠಪುಸ್ತಕಗಳು ಹೇಳುತ್ತಿದ್ದವು. ಇಷ್ಟು ಬೆಟ್ಟಗಳನ್ನು ಕಡಿಯಲು ಎಷ್ಟು ಕಾಲ ಬೇಕಾದೀತೆಂಬ ಅಂದಾಜೇ ಅದಕ್ಕೆ ಮುಖ್ಯ ಆಧಾರ. 1962ರಲ್ಲಿ ಫೆಲಿಕ್ಸ್ ಕೀಸಿಂಗ್ ಎಂಬ ವಿದ್ವಾಂಸನು ಬೇರೆ ಊಹೆ ಮುಂದಿಟ್ಟನು: ಸ್ಪೇನಿನವರು ತಗ್ಗುನಾಡನ್ನು ಆಕ್ರಮಿಸಿದಾಗ ಬೆಟ್ಟಕ್ಕೆ ಓಡಿಬಂದ ಜನರು ಇವನ್ನು ಕಟ್ಟಿರಬೇಕು. ಮುಂದೆ ಸ್ಟೀಫನ್ ಅಕಬಾಡೊ ಎಂಬ ಪುರಾತತ್ತ್ವಜ್ಞರು ಬನಾವೆಯ ಬೊಕೊಸ್ ಗದ್ದೆಗಳಲ್ಲಿ ದೊರೆತ ಇದ್ದಲನ್ನು ವಿಕಿರಣ ಇಂಗಾಲದ ವಿಧಾನದಿಂದ ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಲ್ಲಿಯ ತರ್ಕವನ್ನು ಗಮನಿಸಬೇಕು. ಗೋಡೆಯ ಅಡಿಯಲ್ಲಿ ಇದ್ದಲಿದ್ದರೆ, ಗೋಡೆ ಆ ಇದ್ದಲಿಗಿಂತ ಹಳೆಯದಾಗಲಾರದು. ಕಿಯಾಂಗನ್ ಎಂಬಲ್ಲಿಯ ಹಳೆಯ ಹಳ್ಳಿಯ ನೆಲವನ್ನು 2012ರಿಂದ ಅಗೆದು ನೋಡಿದಾಗ ಕೆಳಪದರಗಳಲ್ಲಿ ಕೆಸುವಿನ ಕುರುಹುಗಳು, ಮೇಲಿನ ಪದರಗಳಲ್ಲಿ ಬತ್ತದ ಕುರುಹುಗಳು ಕಂಡುಬಂದವು. ನೀರುಗದ್ದೆಯ ಬತ್ತ ಸುಮಾರು 1650ರ ಅನಂತರ ಬಂದಿತೆಂದು ಅಕಬಾಡೊ ಅವರ ತಂಡದ ತೀರ್ಮಾನ. ಇದನ್ನು ಎಲ್ಲರೂ ಒಪ್ಪಿಲ್ಲ. ಪೂರ್ವಿಕರ ಕೀರ್ತಿಗೆ ಇದರಿಂದ ಕುಂದೆಂದು ಭಾವಿಸುವವರೂ ಇದ್ದಾರೆ. ನನಗಂತೂ ಹಾಗೆ ತೋರುವುದಿಲ್ಲ. ಎರಡು ಸಾವಿರ ವರ್ಷದಲ್ಲಿ ಮಾಡಿದರೆಂಬ ಕೆಲಸವನ್ನು ನಾಲ್ಕುನೂರು ವರ್ಷದೊಳಗೆ, ಅದೂ ವೈರಿಯನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿಕೊಂಡು, ಮಾಡಿದವರು ಸಾಮಾನ್ಯರಲ್ಲ.

1995ರಲ್ಲಿ ಇಫುಗಾವಿನ ಐದು ಗದ್ದೆಸಮೂಹಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬಾತಾದ್ ಅವುಗಳಲ್ಲೊಂದು, ಬನಾವೆ ಪೇಟೆಯ ಮೇಲಿನ ಕಟ್ಟೆಯಿಂದ ಪ್ರವಾಸಿಗರು ಚಿತ್ರ ತೆಗೆದುಕೊಳ್ಳುವ ಗದ್ದೆಗಳು ಅದರಲ್ಲಿ ಸೇರಿಲ್ಲ. 2001ರಲ್ಲಿ ಈ ತಾಣವನ್ನು ಅಪಾಯದ ಪಟ್ಟಿಗೆ ಹಾಕಿದರು, 2012ರಲ್ಲಿ ತೆಗೆದರು. ಅಪಾಯ ಹೊರಗಿನಿಂದಲೂ ಬಂತು: ಆಹಾರಕ್ಕೆಂದು 1980ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ತಂದ ಬಸವನಹುಳು ಎಳೆಯ ಸಸಿಗಳನ್ನು ಮೇದಿತು. ಆದರೆ ದೊಡ್ಡ ಅಪಾಯ ಆಳಿನದು. ಕುಸಿದ ಗೋಡೆಯನ್ನು ಎತ್ತಲು ಹಲವರು ಹಲವು ದಿನ ದುಡಿಯಬೇಕು. ಓದಿದ ಮಕ್ಕಳು ನಗರಕ್ಕೆ ಹೋಗಿದ್ದಾರೆ. ಪ್ರವಾಸಿಗರ ಹಣವೂ ಹೆಚ್ಚಾಗಿ ಸೇರುವುದು ವಸತಿಗೃಹಗಳಿಗೆ, ಗದ್ದೆಯವರಿಗಲ್ಲ. ಅಂಗಡಿಗಳಲ್ಲಿ ಮಾರುವ ಮರದ ಕೆತ್ತನೆಯ ಬೊಂಬೆಗಳಿಗೆ ಮರ ಬಂದದ್ದೂ ಎಷ್ಟೋ ಬಾರಿ ಆ ಮುಯೊಂಗಿನಿಂದಲೇ.

ಗದ್ದೆಗಳು ಕನ್ನಡಿಯಂತೆ ಹೊಳೆಯುವುದನ್ನು ನೋಡಬೇಕಾದರೆ ನಾಟಿಗೆ ಮುಂಚೆ, ವರ್ಷದ ಮೊದಲ ತಿಂಗಳುಗಳಲ್ಲಿ ಹೋಗಬೇಕು. ತೆನೆ ಮಾಗುವುದು ಜೂನ್ ಜುಲೈ ತಿಂಗಳುಗಳಲ್ಲಿ. ಹೋದವರು ಮೆಟ್ಟಿಲುಗಳ ನಡುವೆ ಅಲ್ಲಲ್ಲಿ ಹುಲ್ಲು ಬೆಳೆದ ತುಂಡುಗಳನ್ನೂ ನೋಡಬೇಕು. ಅವು ಒಣಗಿದ ಗದ್ದೆಗಳು.