ಉಳದ ನೆಲದಲ್ಲಿ ಲೋಹ ಹುಡುಕುವವರಿಗೆ ಒಂಬತ್ತು ಸೂತ್ರಗಳು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಾರದ ರಜೆ ಬಂತೆಂದರೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಕಾಡು ಸುತ್ತುವವರು ಬಹಳ. ಅಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಗೀಳು ಹತ್ತಬಹುದು. ಹೊಲದ ಪಾಠಗಳು ಕಾಡಿಗೆ ಸಾಲುವುದಿಲ್ಲ. ಅದಕ್ಕೇ ಈ ಸೂತ್ರಗಳು.

1. ಅನುಮತಿ ಬರವಣಿಗೆಯಲ್ಲಿರಲಿ. ಕಾಡು ಯಾರದೆಂದು ತಿಳಿದು, ಸಿಕ್ಕಿದ್ದರಲ್ಲಿ ಯಾರಿಗೆಷ್ಟು ಪಾಲು ಎಂಬುದನ್ನೂ ಮೊದಲೇ ಬರೆದುಕೊಳ್ಳಿ. ಸರ್ಕಾರಿ ಕಾಡುಗಳನ್ನು ನೋಡಿಕೊಳ್ಳುವ ಫಾರೆಸ್ಟ್ರಿ ಇಂಗ್ಲೆಂಡ್ ತನ್ನ ನೆಲದಲ್ಲಿ ಈ ಹವ್ಯಾಸಕ್ಕೆ ಅವಕಾಶ ಕೊಡುವುದಿಲ್ಲ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಪರವಾನಗಿಯಿಲ್ಲದೆ ಡಿಟೆಕ್ಟರ್ ಬಳಸಿದರೆ 1979ರ ಕಾಯ್ದೆಯಡಿ ಅದು ಅಪರಾಧ.

2. ಯಂತ್ರ ಹಚ್ಚುವ ಮೊದಲು ನೆಲ ಓದಿ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಹೊಲದ ಮಣ್ಣನ್ನು ನೇಗಿಲು ನೂರಾರು ವರ್ಷ ಮಗುಚಿ ಹಾಕಿದೆ, ಅಲ್ಲಿಯ ನಾಣ್ಯ ಬಿದ್ದ ಜಾಗದಿಂದ ಎಂದೋ ಸರಿದಿರುತ್ತದೆ. ಇಂಗ್ಲೆಂಡಿನಲ್ಲಿ 1600ರಿಂದಲೂ ಕಾಡಾಗಿಯೇ ಉಳಿದದ್ದನ್ನು ಪ್ರಾಚೀನ ಕಾಡು ಎನ್ನುತ್ತಾರೆ. ಅಂಥ ನೆಲದಲ್ಲಿ ವಸ್ತು ಬಿದ್ದಲ್ಲೇ ಇರಬಹುದು. ಅದರ ಸುತ್ತಲಿನ ಮಣ್ಣಿನ ಪದರವೇ ಅರ್ಧ ಕಥೆ ಹೇಳುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯನ್ನೇ ನೋಡಿ: ಶಾತವಾಹನರ ನಾಣ್ಯಗಳು ಸಿಕ್ಕ ನೆಲೆಯಲ್ಲೇ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. ಅದೇ ನಾಣ್ಯ ಯಾರದೋ ಜೇಬಿನಿಂದ ಬಂದಿದ್ದರೆ ಬರೀ ಬೆಳ್ಳಿಯ ಬಿಲ್ಲೆ. ಹಾಗಾಗಿ ಕಾಡಿನಲ್ಲಿ ಹಳೆಯ ಗಡಿಯ ಏರಿ, ಮರ ಕೊಯ್ಯುತ್ತಿದ್ದ ಗುಂಡಿ, ಇದ್ದಿಲು ಸುಡುತ್ತಿದ್ದ ಸಮತಟ್ಟಾದ ಕಟ್ಟೆ ಕಂಡರೆ ಅಲ್ಲಿ ಅಗೆಯಬೇಡಿ.

3. ಚಿಕ್ಕ ಕಾಯಿಲ್, ನಿಧಾನದ ಕೈ. ಕಾಯಿಲ್ ಎಂದರೆ ಡಿಟೆಕ್ಟರ್‌ನ ತುದಿಯ ತಟ್ಟೆ. ಬೇರುಗಳ ನಡುವೆ ದೊಡ್ಡ ಕಾಯಿಲ್ ಆಡುವುದಿಲ್ಲ. ಕಬ್ಬಿಣದ ಮೊಳೆಯ ಪಕ್ಕದಲ್ಲೇ ನಾಣ್ಯವಿದ್ದರೆ ದೊಡ್ಡದಕ್ಕೆ ಎರಡೂ ಒಂದೇ ಸದ್ದಾಗಿ ಕೇಳುತ್ತದೆ, ಚಿಕ್ಕದು ಬೇರೆ ಮಾಡಿ ತೋರಿಸುತ್ತದೆ.

4. ಬೇರು ಕತ್ತರಿಸಬೇಡಿ. ತರಗೆಲೆ ಸರಿಸಿ, ಅಂಗೈಯಗಲದ ಗುಂಡಿ ತೋಡಿ, ಕೆಲಸ ಮುಗಿದ ಮೇಲೆ ಮಣ್ಣು ಮುಚ್ಚಿ ಎಲೆ ಹರಡಿ. ಬ್ಯಾಡ್ಜರ್‌ಗಳ ಬಿಲಗಳಿಗೆ ಕಾನೂನಿನ ರಕ್ಷಣೆ ಇದೆ, ದೂರವಿರಿ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ ವಸಂತದಲ್ಲಿ ಕಾಡನ್ನು ಅದರ ಪಾಡಿಗೆ ಬಿಡುವುದೇ ಸರಿ.

5. ಬಾಂಬು, ಶೆಲ್ಲಿನಂಥದ್ದು ಕಂಡರೆ ಮುಟ್ಟಬೇಡಿ. ಎರಡನೇ ಮಹಾಯುದ್ಧದ ಸ್ಫೋಟಕಗಳು ಇಂದಿಗೂ ಸಿಗುತ್ತವೆ. ಜಾಗ ಗುರುತಿಟ್ಟುಕೊಂಡು ಹಿಂದೆ ಸರಿದು 999ಕ್ಕೆ ಕರೆ ಮಾಡಿ.

6. ಹೆಸರು ಹಚ್ಚುವ ಮುನ್ನ ಬಣ್ಣ, ತೂಕ, ಆಕಾರ ನೋಡಿ. ಕಂಚು, ತಾಮ್ರಕ್ಕೆ ಹಸಿರು ಕಿಲುಬು. ಸೀಸಕ್ಕೆ ಸುಣ್ಣ ಬಳಿದಂಥ ಬಿಳಿ ಪದರ, ಕೈಗೆ ಭಾರ. ಬೆಳ್ಳಿ ಕಪ್ಪಾಗಿರುತ್ತದೆ, ಚಿನ್ನ ಮಾತ್ರ ಬಿದ್ದ ದಿನದ ಹಾಗೇ. ಕೆಳಗೆ ಸೀಳಿರುವ, ಒಳಗೆ ಕಬ್ಬಿಣದ ಗುಂಡು ಆಡುವ ದುಂಡನೆಯ ವಸ್ತು ಸಿಕ್ಕರೆ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ಗೆಜ್ಜೆಯೇ, ಅಲ್ಲಿ ಕುದುರೆ, ದನಗಳಿಗೆ ಕಟ್ಟುತ್ತಿದ್ದ ಕ್ರೋಟಲ್ ಗಂಟೆ. ಅದರ ಮೇಲೆ ಆರ್, ಡಬ್ಲ್ಯೂ ಅಕ್ಷರಗಳಿದ್ದರೆ ಸಾಮಾನ್ಯವಾಗಿ ವಿಲ್ಟ್‌ಶೈರ್‌ನ ಆಲ್ಡ್‌ಬೋರ್ನ್ ಊರಿನ ರಾಬರ್ಟ್ ವೆಲ್ಸ್ ಕಾರ್ಖಾನೆಯದು, 18ನೇ ಶತಮಾನದ್ದು. ನಡುವೆ ತೂತಿರುವ ಸೀಸದ ಬಿಲ್ಲೆ ನೂಲುವ ಕದಿರಿನದಾಗಿರಬಹುದು. ಮುದ್ರೆಯೊತ್ತಿದ ಸೀಸದ ಚೂರು ಬಟ್ಟೆಯ ಥಾನಿಗೆ ಹಾಕುತ್ತಿದ್ದ ಸೀಲು. ತೆಳ್ಳಗೆ ಹೊಳೆಯುವ ಹಿತ್ತಾಳೆ ‘ನಾಣ್ಯ’ ಹೆಚ್ಚಾಗಿ ನಾಣ್ಯವಲ್ಲ, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಲೆಕ್ಕದ ಬಿಲ್ಲೆ. ವ್ಯಾಪಾರಿಗಳು ಗೆರೆ ಎಳೆದ ಹಲಗೆಯ ಮೇಲೆ ಅದನ್ನು ಸರಿಸಿ ಲೆಕ್ಕ ಹಾಕುತ್ತಿದ್ದರು.

ಗೊತ್ತಾಗದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆದಿಡಿ. 2023ರಲ್ಲಿ ಲಿಂಕನ್‌ಶೈರ್‌ನ ನಾರ್ಟನ್ ಡಿಸ್ನಿಯಲ್ಲಿ ಸ್ಥಳೀಯ ಸ್ವಯಂಸೇವಕರ ಉತ್ಖನನದಲ್ಲಿ ಹನ್ನೆರಡು ಮುಖಗಳ ಟೊಳ್ಳು ಲೋಹದ ವಸ್ತುವೊಂದು ಸಿಕ್ಕಿತು. ರೋಮನ್ ಕಾಲದ ಅಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ಯಾವುದಕ್ಕೆ ಬಳಸುತ್ತಿದ್ದರೆಂದು ವಿದ್ವಾಂಸರಿಗೂ ಇನ್ನೂ ತಿಳಿದಿಲ್ಲ.

7. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹಿತ್ತಾಳೆ ಕಂಡರೆ ನಮ್ಮ ಕೈ ಅತ್ತಲೇ ಹೋಗುತ್ತದೆ. ಕಿಲುಬಿನ ಜೊತೆ ಅಕ್ಷರ, ಚಿತ್ರ, ಚಿನ್ನದ ಲೇಪ ಎಲ್ಲ ಹೋಗಿಬಿಡುತ್ತವೆ. ಮಣ್ಣಿನೊಂದಿಗೇ ಡಬ್ಬಿಯಲ್ಲಿಡಿ.

8. ಜಾಗ ಬರೆದಿಡಿ, ತಜ್ಞರಿಗೆ ತೋರಿಸಿ. ಎದ್ದ ಜಾಗದ ಜಿಪಿಎಸ್ ಅಂಕಿ, ಆಳ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ, ಇಷ್ಟು ಬೇಕೇಬೇಕು. 1997ರಲ್ಲಿ ಶುರುವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಅಧಿಕಾರಿಗಳು ವಸ್ತುವನ್ನು ನೋಡಿ ಗುರುತಿಸಿಕೊಡುತ್ತಾರೆ. 300 ವರ್ಷಕ್ಕಿಂತ ಹಳೆಯದಾಗಿ, ಶೇ 10ಕ್ಕೆ ಕಡಿಮೆಯಿಲ್ಲದಂತೆ ಚಿನ್ನವೋ ಬೆಳ್ಳಿಯೋ ಇರುವ ಆಭರಣ, ಪಾತ್ರೆ ಮುಂತಾದವು 1996ರ ಕಾಯ್ದೆಯಂತೆ ನಿಧಿ. ಅಂಥದ್ದೆಂದು ತಿಳಿದ 14 ದಿನದೊಳಗೆ ಕಾರೋನರ್ ಎಂಬ ವಿಚಾರಣಾಧಿಕಾರಿಗೆ ತಿಳಿಸಬೇಕು. 2010ರಲ್ಲಿ ಕಂಬ್ರಿಯಾದ ಕ್ರಾಸ್ಬಿ ಗ್ಯಾರೆಟ್‌ನಲ್ಲಿ ಸಿಕ್ಕ ರೋಮನ್ ಶಿರಸ್ತ್ರಾಣ ಕಂಚಿನದು, ಒಂಟಿ ವಸ್ತು ಎಂಬ ಕಾರಣಕ್ಕೆ ನಿಧಿಯಾಗಲಿಲ್ಲ. ಹರಾಜಿನಲ್ಲಿ 20 ಲಕ್ಷ ಪೌಂಡಿಗೂ ಮೀರಿ ಬೆಲೆ ಬಂದು ಖಾಸಗಿಯವರ ಪಾಲಾಯಿತು. ಆ ಲೋಪ ಸರಿಪಡಿಸಿದ್ದು 2023ರಲ್ಲಿ. ಈಗ 200 ವರ್ಷ ದಾಟಿದ, ಅಸಾಧಾರಣ ಮಹತ್ವದ ಲೋಹದ ವಸ್ತುವೂ ನಿಧಿಯೇ.

9. ರಾಶಿಯಾಗಿ ಸಿಗತೊಡಗಿದರೆ ಕೈ ನಿಲ್ಲಿಸಿ. 1992ರಲ್ಲಿ ಸಫೋಕ್‌ನ ಹಾಕ್ಸ್‌ನ್ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಹೋದ ಎರಿಕ್ ಲಾಸ್‌ಗೆ ರೋಮನ್ ನಾಣ್ಯಗಳು ಸಿಕ್ಕವು. ಸ್ವಲ್ಪ ತೆಗೆದವರು ಪೂರ್ತಿ ಅಗೆಯದೆ ಸುದ್ದಿ ಮುಟ್ಟಿಸಿದರು. ಪುರಾತತ್ವಜ್ಞರು ಬಂದು ಸುಮಾರು 15,000 ನಾಣ್ಯ, ಬೆಳ್ಳಿ, ಬಂಗಾರ ಎಲ್ಲವನ್ನೂ ಇದ್ದ ಕ್ರಮದಲ್ಲೇ ದಾಖಲಿಸಿ ಮೇಲೆತ್ತಿದರು. ಅದನ್ನು ಯಾವ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ದರು ಎಂಬುದೂ ಇಂದು ತಿಳಿದಿರುವುದು ಲಾಸ್ ಕೈ ತಡೆದದ್ದರಿಂದ. ಈ ಹವ್ಯಾಸದಲ್ಲಿ ನಾನು ಯಶಸ್ಸು ಎನ್ನುವುದು ಅದನ್ನೇ. ಬಹುಮಾನವಾಗಿ ಬಂದ 17.5 ಲಕ್ಷ ಪೌಂಡನ್ನು ಅವರು ರೈತನೊಂದಿಗೆ ಹಂಚಿಕೊಂಡರು.

ಕೊನೆಗೊಂದು ಮನವಿ. ಊರಿಗೆ ಬರುವಾಗ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ. ಕರ್ನಾಟಕದಲ್ಲಿ ನಿಧಿಗೆ 1962ರ ಪ್ರತ್ಯೇಕ ಕಾಯ್ದೆಯಿದೆ, ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನಿಧಿಗಳ್ಳರು ರಾತ್ರೋರಾತ್ರಿ ಅಗೆದು ಕೆಡವಿದ ಗುಡಿಗಳು, ಕಿತ್ತೊಗೆದ ವಿಗ್ರಹಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ.