ಕೈ ಗ್ರೈಂಡರ್: ಗಾರ್ಡು ಬಿಚ್ಚಬೇಡಿ, ದೂಳು ಕುಡಿಯಬೇಡಿ

ಮೊದಲೆಲ್ಲ ಕುಡುಗೋಲು, ಮಚ್ಚು ಹರಿತ ಮಾಡಿಸಲು ಕುಲುಮೆಗೆ ಹೋಗುತ್ತಿದ್ದೆವು. ಈಗ ನಮ್ಮ ಅರಸೀಕೆರೆ ಕಡೆ ಎಷ್ಟೋ ತೋಟದ ಮನೆಗಳಲ್ಲಿ ನಾಲ್ಕಿಂಚಿನ ಗ್ರೈಂಡರ್ ಇದೆ. ಕುಂಟೆ ಕುಡ ತೀಡೋದು, ಕಬ್ಬಿಣದ ಪೈಪು ಕತ್ತರಿಸೋದು, ಬೇಲಿಯ ಕಲ್ಲುಕಂಬಕ್ಕೆ ತಂತಿ ಕೂರಲು ಕಚ್ಚು ಹಾಕೋದು, ಎಲ್ಲಕ್ಕೂ ಅದೇ. ಒಳ್ಳೆಯ ಮಿಷನ್ನು. ಆದರೆ ಅಂಗಡಿಯವನು ಸ್ವಿಚ್ ತೋರಿಸಿ ಕಳಿಸುತ್ತಾನೆ, ಹೊಲದಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ಅದಕ್ಕೇ ಈ ನಾಲ್ಕು ಮಾತು.

ಬಿಲ್ಲೆಯ ಓಟ

ಏಳನೇ ಕ್ಲಾಸಿನ ಲೆಕ್ಕ ಸಾಕು. ನಾಲ್ಕಿಂಚಿನ ಬಿಲ್ಲೆಯ ಸುತ್ತಳತೆ ಸುಮಾರು 31 ಸೆಂಟಿಮೀಟರ್. ಮಿಷನ್ನು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಗುಣಿಸಿದರೆ ನಿಮಿಷಕ್ಕೆ ಹತ್ತಿರ ಹತ್ತಿರ ಮೂರೂವರೆ ಕಿಲೋಮೀಟರ್. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್ ದಾರಿ. ಬಿಲ್ಲೆಯ ಅಂಚು ಅಷ್ಟು ದೂರವನ್ನು ಐದು ನಿಮಿಷದೊಳಗೆ ಮುಗಿಸುತ್ತದೆ! ಆ ವೇಗದಲ್ಲಿ ಬಿಲ್ಲೆ ಒಡೆದರೆ ತಲೆ ತಗ್ಗಿಸಲು ಟೈಮಿಲ್ಲ. ಚೂರಿಗೂ ನಮಗೂ ನಡುವೆ ಇರೋದು ಗಾರ್ಡು ಒಂದೇ.

ನಮ್ಮಲ್ಲಿ ಮೊದಲು ಬಿಚ್ಚಿ ಬಿಸಾಕುವುದೂ ಅದನ್ನೇ. ದೊಡ್ಡ ಬಿಲ್ಲೆ ಕೂರಲಿ ಅಂತ ಬಿಚ್ಚುತ್ತಾರೆ. ಸವೆದ ಏಳಿಂಚಿನ ಬಿಲ್ಲೆಗೆ ವಾಷರ್ ಕೊಟ್ಟು ಚಿಕ್ಕ ಮಿಷನ್ನಿಗೆ ಹಾಕುವವರೂ ಇದ್ದಾರೆ. ಏಳಿಂಚಿನ ಬಿಲ್ಲೆ ತಡೆಯೋದು ಸುಮಾರು 8,500 ಸುತ್ತು ಮಾತ್ರ. ಅದನ್ನು 11,000ಕ್ಕೆ ತಿರುಗಿಸಿದರೆ ಏನಾದೀತು, ನೀವೇ ಹೇಳಿ. ಸೌದೆ ಕೊಯ್ಯಲು ಹಲ್ಲಿನ ಗರಗಸ ಬಿಲ್ಲೆ ಹಾಕೋದಂತೂ ಬೇಡವೇ ಬೇಡ. ಹಲ್ಲು ಮರಕ್ಕೆ ಕಚ್ಚಿಕೊಂಡರೆ ಮಿಷನ್ನು ಕೈಯಿಂದ ಹಾರುತ್ತದೆ.

ಬಿಲ್ಲೆ ಕೊಳ್ಳುವಾಗ ಅದರ ಮೇಲಿನ ಸುತ್ತಿನ ಸಂಖ್ಯೆ ಮಿಷನ್ನಿನದ್ದಕ್ಕಿಂತ ಕಡಿಮೆ ಇರಬಾರದು. ನಡುವಿನ ತಗಡಿನ ಬಳೆಯ ಮೇಲೆ ತಾರೀಕು ಇದ್ದರೆ ಅದನ್ನೂ ನೋಡಿ, ಅವಧಿ ಮುಗಿದದ್ದು ಬೇಡ. ನೆನೆದದ್ದು, ಕೆಳಗೆ ಬಿದ್ದದ್ದು, ಬಿರುಕು ಬಿಟ್ಟದ್ದು ತಿಪ್ಪೆಗೆ. ಹೊಸದು ಹಾಕಿದ ಮೇಲೆ ಒಂದು ನಿಮಿಷ ಬರಿದೇ ಓಡಿಸಿ, ಅದರ ನೇರಕ್ಕೆ ನಿಲ್ಲಬೇಡಿ. ಕತ್ತರಿಸುವ ತೆಳು ಬಿಲ್ಲೆಯ ಮಗ್ಗುಲಲ್ಲಿ ಮಚ್ಚು ತೀಡಬೇಡಿ. ತೀಡಲು ದಪ್ಪ ಬಿಲ್ಲೆ ಬೇರೆಯೇ ಇದೆ.

ಹಿಡಿಯುವ ಬಗೆ

ಪಕ್ಕದ ಹಿಡಿ ಹಾಕಿ, ಎರಡೂ ಕೈಯಲ್ಲಿ ಹಿಡಿಯಿರಿ. ಕತ್ತರಿಸುವ ಪೈಪಿನ ತುದಿ ತಾನಾಗಿ ಕೆಳಗೆ ಬಾಗುವ ಹಾಗಿರಲಿ. ಸೀಳು ಮುಚ್ಚಿಕೊಂಡು ಬಿಲ್ಲೆಯನ್ನು ಕಚ್ಚಿತೋ, ಮಿಷನ್ನು ನಮ್ಮ ಕಡೆಗೇ ಒದೆಯುತ್ತದೆ. ಹೆಗಲ ಟವೆಲ್ಲು ತೆಗೆದಿಟ್ಟು, ಪಂಚೆ ಬಿಟ್ಟು ಪ್ಯಾಂಟು ಹಾಕಿ.

ಕರೆಂಟು ಹೋದರೆ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ಗು ಕೀಳಿ. ಹಾಗೇ ಕೆಳಗಿಟ್ಟು ಟೀ ಕುಡಿಯಲು ಹೋದರೆ, ಕರೆಂಟು ಬಂದ ಕೂಡಲೇ ಅದು ತಾನಾಗಿ ತಿರುಗೀತು. ಅಷ್ಟರಲ್ಲಿ ಮಗುವೊಂದು ಕೈ ಹಾಕಿರಬಹುದು.

ಕಿಡಿಯ ವಿಚಾರ ನಮ್ಮ ತೆಂಗಿನ ಸೀಮೆಯವರು ಮರೆಯಬಾರದು. ಕೊಬ್ಬರಿ ಅಟ್ಟದ ಕೆಳಗೆ, ಸಿಪ್ಪೆ ರಾಶಿ, ಹುಲ್ಲು ಬಣವೆ ಹತ್ತಿರ ಕಬ್ಬಿಣ ಉಜ್ಜಲೇಬೇಡಿ. ನಾರಿನೊಳಗೆ ಸೇರಿದ ಕಿಡಿ ಕಾಣದ ಹಾಗೆ ಕೂತು, ನಾವು ಒಳಗೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಒಂದು ವರ್ಷದ ಕೊಬ್ಬರಿ ಹೋಗಲು ಅಷ್ಟು ಸಾಕು.

ಕಾಣದ ದೂಳು

ಬೇಲೂರಿನ ಗುಡಿ 1117ರದ್ದು. ಅಲ್ಲಿಯೂ ಹಳೇಬೀಡಿನಲ್ಲೂ ಕೆತ್ತಿದ್ದು ಮೆತ್ತನೆಯ ಬಳಪದ ಕಲ್ಲು, ಹಿಡಿದದ್ದು ಉಳಿ. ನಮ್ಮ ಬೇಲಿ ಕಂಬದ್ದು ಗಟ್ಟಿ ಕಣಶಿಲೆ, ಅದರಲ್ಲಿ ಸ್ಫಟಿಕ ಹೇರಳ. ಉಳಿ ಏಟಿಗೆ ಹೆಚ್ಚಾಗಿ ಚಕ್ಕೆ ಏಳುತ್ತದೆ, ಗ್ರೈಂಡರಿನಲ್ಲಿ ಹಿಟ್ಟಿಗಿಂತ ನುಣ್ಣನೆಯ ದೂಳು. ಅದು ಎದೆಗೂಡಿನಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲೇ ಇದ್ದ ರೋಗ ಇದು. ಬಂದರೆ ವಾಸಿಯಾಗುವುದಿಲ್ಲ. ಟವೆಲ್ಲು ಕಟ್ಟಿದರೆ ನುಣ್ಣನೆ ದೂಳು ನಿಲ್ಲದು. ಕೊರೊನಾ ಕಾಲದಲ್ಲಿ ನೋಡಿದ ಎನ್-95 ಮುಖಗವಸನ್ನು ಬಿಗಿಯಾಗಿ ಹಾಕಿ. ಬಯಲಲ್ಲಿ, ಗಾಳಿ ಪಕ್ಕದಿಂದ ಬೀಸುವ ಹಾಗೆ ನಿಲ್ಲಿ. ದೂಳು ಅಡಗಲಿ ಅಂತ ಸಾಮಾನ್ಯ ಗ್ರೈಂಡರಿಗೆ ನೀರು ಸುರಿದರೆ ಶಾಕ್ ಹೊಡೆದೀತು. ಹತ್ತಾರು ಕಂಬ ಇದ್ದರೆ ನೀರು ಬಿಟ್ಟು ಕೊಯ್ಯುವ ಮಿಷನ್ನಿರುವ ಕಲ್ಲಿನವರಿಗೇ ಕೊಡಿ.

ಹಳೇ ಬಾಗಿಲು, ಗಾಡಿಯ ಬಣ್ಣವನ್ನು ಸ್ಯಾಂಡರಿನಲ್ಲಿ ಉಜ್ಜುವಾಗಲೂ ಇದೇ ಎಚ್ಚರ. ಮನೆ ಬಣ್ಣದಲ್ಲಿ ಸೀಸಕ್ಕೆ ಕಡಿವಾಣ ಹಾಕುವ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು, ಅದು ಮಕ್ಕಳ ಮಿದುಳಿಗೆ ಕೆಟ್ಟದ್ದು. ಮಕ್ಕಳು ಆಡುವ ಅಂಗಳದಲ್ಲಿ ಉಜ್ಜಬೇಡಿ.

ಕಣ್ಣಿಗೆ ಕಬ್ಬಿಣದ ಚೂರು ಬಿದ್ದರೆ ಉಜ್ಜಬೇಡಿ. ಬೆಂಕಿಕಡ್ಡಿ, ಸೆರಗಿನ ತುದಿ ಹಾಕಬೇಡಿ. ಚೂರು ಕಣ್ಣಲ್ಲೇ ತುಕ್ಕು ಹಿಡಿಯುತ್ತದೆ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇದೆಲ್ಲಕ್ಕಿಂತ ಪಕ್ಕಗಳೂ ಮುಚ್ಚಿರುವ ಕನ್ನಡಕ ಹಾಕುವುದು ಸುಲಭ. ಗ್ರೈಂಡರ್ ನೇತುಹಾಕುವ ಮೊಳೆಗೇ ಅದನ್ನೂ ನೇತುಹಾಕಿ. ನೆರೆಯವರು ಮಿಷನ್ನು ಕೇಳಿಕೊಂಡು ಬಂದರೆ ಕನ್ನಡಕವನ್ನೂ ಜೊತೆಗೇ ಕೊಟ್ಟು ಕಳಿಸಿ.