ಟೇಲರ್ ಸಾಹೇಬರ ಶಜರಾ: ಒಂದು ಅಧ್ಯಯನ

ಸುರಪುರದ ಟೇಲರ್ ಮಂಜಿಲ್ ನಮ್ಮಲ್ಲಿ ಬಹಳ ಜನ ನೋಡಿದ್ದೇವೆ. ಅದನ್ನು ಕಟ್ಟಿಸಿದವರು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಎಂಬುದೂ ಗೊತ್ತು. ಆದರೆ ಈ ಸಾಹೇಬರು ಯಾವ ಮನೆತನದವರು? ಅವರ ಹೆಂಡತಿ ಯಾರು? ಮನೆತನದ ಇತಿಹಾಸ ಹುಡುಕುವುದು ಹೇಗೆ ಎಂದು ಕಲಿಯಲು ಇದು ಒಳ್ಳೆಯ ಉದಾಹರಣೆ.

ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಬರೆಯುವಂತಿಲ್ಲ. ಉರ್ದುವಿನಲ್ಲಿ ಶಜರಾ ಎನ್ನುವ ವಂಶವೃಕ್ಷಕ್ಕೂ ಇದೇ ನಿಯಮ. ಪ್ರತಿ ಹೆಸರಿಗೂ ಒಂದು ಆಧಾರ ಬೇಕು.

ತಂದೆಯ ಕಡೆ: ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದರು. ತಂದೆ ವ್ಯಾಪಾರಿ. ವ್ಯಾಪಾರ ಕುಸಿದಿದ್ದರಿಂದ ಮಗ ಹದಿನೈದನೇ ವಯಸ್ಸಿಗೇ, 1824ರಲ್ಲಿ, ಮುಂಬೈಗೆ ಒಬ್ಬ ವರ್ತಕರ ಬಳಿ ಕೆಲಸಕ್ಕೆ ಬಂದರು. ಅಲ್ಲಿಯೂ ವ್ಯಾಪಾರದ ಸ್ಥಿತಿ ಚೆನ್ನಾಗಿರಲಿಲ್ಲ. ಹಾಗಾಗಿ ಹೈದರಾಬಾದ್ ನಿಜಾಮರ ಸೈನ್ಯ ಸೇರಿದರು. ಅಂದರೆ ಅವರು ನಮ್ಮ ವಯಸ್ಸಿಗಿಂತ ಚಿಕ್ಕವರಾಗಿದ್ದಾಗಲೇ ಮನೆಯ ನಷ್ಟ ಅವರನ್ನು ಇಲ್ಲಿಗೆ ತಂದಿತ್ತು.

ಹೆಂಡತಿಯ ಕಡೆ: ಟೇಲರ್ ಮದುವೆಯಾದದ್ದು ಮೇರಿ ಪಾಮರ್ ಎಂಬವರನ್ನು. ಮೇರಿಯ ತಂದೆ ವಿಲಿಯಂ ಪಾಮರ್ ಹೈದರಾಬಾದಿನ ದೊಡ್ಡ ಬ್ಯಾಂಕರ್. ವಿಲಿಯಂನ ತಂದೆ ಇಂಗ್ಲಿಷ್ ಜನರಲ್, ತಾಯಿ ಫೈಜ್ ಬಖ್ಷ್ ಎಂಬ ಮುಸ್ಲಿಂ ಬೇಗಂ. 1786ರ ಒಂದು ತೈಲಚಿತ್ರದಲ್ಲಿ ಆ ಬೇಗಂ ಮಕ್ಕಳೊಂದಿಗೆ ಕುಳಿತಿದ್ದಾರೆ. ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಚಿತ್ರವೂ ಒಂದು ವೋಚರ್ ಆಗಬಲ್ಲದು! ತಂದೆಯ ಕಡೆಯನ್ನಷ್ಟೇ ಬರೆದರೆ ಟೇಲರ್ ಅವರ ಹೆಣ್ಣುಮಕ್ಕಳ ಶಜರಾ ಪೂರ್ತಿ ಇಂಗ್ಲಿಷ್ ಎನಿಸುತ್ತದೆ. ತಾಯಿಯ ಕಡೆ ನೋಡಿದರೆ ಅಲ್ಲಿ ಫೈಜ್ ಬಖ್ಷ್ ಬೇಗಂ ಇದ್ದಾರೆ.

ಸಂಬಂಧ ಮತ್ತು ಹಣ: ಪಾಮರ್ ಕಂಪನಿ ನಿಜಾಮರ ಸರ್ಕಾರಕ್ಕೆ ಭಾರೀ ಬಡ್ಡಿಗೆ ಸಾಲ ಕೊಡುತ್ತಿತ್ತು. 1820ರ 60 ಲಕ್ಷ ರೂಪಾಯಿ ಸಾಲ ಹೆಸರಾದದ್ದು. ಇಂಥ ಸಾಲಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ಬೇಕಿತ್ತು. ಕಂಪನಿಯ ಪಾಲುದಾರ ರಂಬೋಲ್ಡ್ ಮದುವೆಯಾಗಿದ್ದು ಗವರ್ನರ್ ಜನರಲ್ ಹೇಸ್ಟಿಂಗ್ಸ್ ಅವರ ಆಶ್ರಯದಲ್ಲಿ ಬೆಳೆದ ಹುಡುಗಿಯನ್ನು. ರೆಸಿಡೆಂಟ್ ಮೆಟ್‌ಕಾಫ್ ಈ ವ್ಯವಹಾರವನ್ನು ವಿರೋಧಿಸಿದರು. ಕೊನೆಗೆ ಆ ಬ್ಯಾಂಕು ಮುಳುಗಿತು. ಯಾರು ಯಾರಿಗೆ ಏನಾಗಬೇಕು ಎಂದು ತಿಳಿದರೆ ಲೆಕ್ಕಪುಸ್ತಕವೂ ಬೇರೆಯಾಗಿ ಕಾಣುತ್ತದೆ. ಶಜರಾ ಕೇವಲ ಹೆಮ್ಮೆಗಲ್ಲ.

ಒಂದೇ ಕಡೆಯ ಸಾಕ್ಷಿ: ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿದ್ದರು. ಬಾಲಕ ರಾಜ ವೆಂಕಟಪ್ಪ ನಾಯಕ ತಮ್ಮನ್ನು 'ಅಪ್ಪಾ' ಎನ್ನುತ್ತಿದ್ದನೆಂದು ಬರೆದಿದ್ದಾರೆ. ಮುಂದೆ ಅದೇ ರಾಜ ಬ್ರಿಟಿಷರ ವಿರುದ್ಧ ಎದ್ದು, 1858ರಲ್ಲಿ ಪ್ರಾಣ ಕಳೆದುಕೊಂಡರು. ಟೇಲರ್ 1876ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು ಆಲಿಸ್ ಸಿದ್ಧಪಡಿಸಿ 1877ರಲ್ಲಿ ಪ್ರಕಟಿಸಿದರು. ಒಂದು ಮನೆತನ ತನ್ನ ಬಗ್ಗೆ ತಾನೇ ಬರೆದದ್ದನ್ನು ಓದುವಾಗ ಎಚ್ಚರ ಬೇಕು. ಆ 'ಅಪ್ಪಾ' ಎಂಬ ಮಾತಿಗೆ ರಾಜನ ಕಡೆಯಿಂದಲೂ ಸಾಕ್ಷಿ ಕೇಳಬೇಕಲ್ಲವೇ?

ನಮ್ಮ ಮನೆಯ ಕೆಲಸ: ಗೆಳೆಯರೇ, ಇಂಗ್ಲಿಷ್ ಸಾಹೇಬರ ನಾಲ್ಕು ತಲೆಮಾರು ಸಿಗುತ್ತದೆ. ನಮ್ಮ ದಾದಿಯ ತಾಯಿಯ ಹೆಸರು ನಮಗೆ ಗೊತ್ತೇ? ನಮ್ಮ ಮನೆಗಳಲ್ಲೂ ವೋಚರ್‌ಗಳಿವೆ. ನಿಕಾಹ್‌ನಾಮಾದಲ್ಲಿ ವಧುವಿನ ಹೆಸರು, ಅವಳ ತಂದೆಯ ಹೆಸರು, ಮೆಹರ್, ಸಾಕ್ಷಿದಾರರು ಇರುತ್ತಾರೆ. ಹೊಲದ ಪಹಣಿ, ಹಳೆಯ ಖರೀದಿ ಪತ್ರ, ಶಾಲೆಯ ದಾಖಲಾತಿ ಪುಸ್ತಕ, ಖಬ್ರಸ್ತಾನದ ಕಲ್ಲು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಹಳೆಯ ಉರ್ದು ಕಾಗದ ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ಮೊದಲು ಅವರ ಬಳಿ ಕೂತು ಕೇಳೋಣ. ಹೆಣ್ಣುಮಕ್ಕಳ ಹೆಸರನ್ನು ಬಿಡದೆ ಬರೆಯೋಣ. ಪ್ರತಿ ಹೆಸರಿನ ಮುಂದೆ ಯಾರು ಹೇಳಿದರು, ಯಾವ ಕಾಗದದಲ್ಲಿದೆ ಎಂದು ನಮೂದಿಸೋಣ. ಕಾಗದ ಪೆಟ್ಟಿಗೆಯಲ್ಲಿ ಉಳಿಯಬಹುದು. ಹೇಳುವವರು ಸದಾ ಇರುವುದಿಲ್ಲ.